ಗೊರ್ದಿತಾಳ ಮೂಗಿಗೆ ಕಾಗದದ ಚೂರು ತುರುಕಿದವರು ಯಾರು?

ಮಾನ್ಯ ವಿಮಾನಯಾನ ನಿರ್ದೇಶಕರೇ,

ನನ್ನ ಅಳಿಯ ಕುಡಿದಿರಲಿಲ್ಲ. ಕುಡಿದಿದ್ದು ವಿಮಾನ. ಕುಡಿಸಿದವರು ತಾವು.

ಇಷ್ಟು ಹೇಳಿ ಪತ್ರ ಮುಗಿಸಬಹುದಿತ್ತು. ಆದರೆ ತಮ್ಮ ಆಯೋಗ ಅಷ್ಟುದ್ದದ ವರದಿ ಬರೆದಿರುವಾಗ, ಲಾ ಪಾಸ್ ಸಂತೆಯಲ್ಲಿ ಮಾಂಸ ಮಾರುವ ನಾನು ಎರಡು ಸಾಲಿಗೆ ಸುಮ್ಮನಾದರೆ ತಮಗೂ ಅವಮಾನ, ನನಗೂ ಅವಮಾನ. ಆ ವರದಿಯನ್ನು ನಾನು ಓದಿದ್ದೇನೆ. ಕನ್ಯಾಸ್ತ್ರೀಯರ ಶಾಲೆಯಲ್ಲಿ ಬೆತ್ತದ ಏಟು ತಿಂದು ಕಲಿತ ಅಕ್ಷರ ಇಂಥ ಹೊತ್ತಿಗಲ್ಲದೆ ಇನ್ಯಾವಾಗ ಒದಗಬೇಕು? "ಅಪಘಾತದ ಕಾರಣ: ಚಾಲಕನ ಪಾನಮತ್ತ ಸ್ಥಿತಿ. ಪುರಾವೆ: ಚಾಲಕನ ಕೋಣೆಯಲ್ಲಿ ಮದ್ಯದ ಗಾಢ ವಾಸನೆ." ಈ ಎರಡು ಸಾಲಿನ ಬಲದ ಮೇಲೆ ಬರುವ ಶುಕ್ರವಾರ ಕ್ಯಾಪ್ಟನ್ ಫೆರ್ಮಿನ್ ರಿವೇರೊನ ಪರವಾನಗಿಯನ್ನು ಶಾಶ್ವತವಾಗಿ ರದ್ದು ಮಾಡುತ್ತೀರಂತೆ. ಅವನು ನನ್ನ ಮಗಳು ಹಸಿಂತಾಳ ಗಂಡ. ಹಾರುವುದು ಬಿಟ್ಟರೆ ಬೇರೆ ಏನೂ ಬಾರದ ಪ್ರಾಣಿ.

ಮೊದಲೇ ಒಂದು ಮಾತು ಒಪ್ಪಿಕೊಳ್ಳುತ್ತೇನೆ. ತಮ್ಮ ಕಚೇರಿಯ ಕೆಲಸ ಸುಲಭದ್ದಲ್ಲ. ಯುದ್ಧ ಮುಗಿದ ಮೇಲೆ ದೊಡ್ಡ ದೇಶಗಳು ತಮ್ಮ ಹಳೇ ವಿಮಾನಗಳನ್ನು ತೂತು ಪಾತ್ರೆ ಮಾರುವವರ ಹಾಗೆ ಮಾರಿದವು, ನಾವು ಕೊಂಡೆವು. ಸಿಪಾಯಿಗಳು ಕೂರುತ್ತಿದ್ದ ಜಾಗದಲ್ಲಿ ಈಗ ದನದ ತೊಡೆಗಳು ತೂಗುತ್ತಿವೆ. ಬೇನಿಯ ಬಯಲಲ್ಲಿ ದನವಿದೆ, ಲಾ ಪಾಸ್‌ನಲ್ಲಿ ಹಸಿವಿದೆ, ಎರಡರ ನಡುವೆ ಹಿಮ ಹೊದ್ದ ಬೆಟ್ಟಗಳಿವೆ. ಆ ಬೆಟ್ಟದ ಎತ್ತರವನ್ನು ಒಂದು ನಕಾಶೆ ಒಂದು ಹೇಳಿದರೆ ಇನ್ನೊಂದು ಇನ್ನೊಂದು ಹೇಳುತ್ತದೆ. ಮೋಡದ ಸುದ್ದಿ ಹೇಳಬೇಕಾದ ರೇಡಿಯೊ ಮಧ್ಯಾಹ್ನ ಊಟಕ್ಕೆ ಹೋಗುತ್ತದೆ. ಹೀಗಿರುವಾಗ ವಿಮಾನಗಳು ಬೀಳುತ್ತವೆ, ಬಿದ್ದಿವೆ. ಆದರೆ ತಮ್ಮ ಒಂದು ವರದಿಯಲ್ಲಾದರೂ ಬೆಟ್ಟ ತಪ್ಪು ಮಾಡಿದೆಯೇ? ನಕಾಶೆ? ಹೇರಿದ ಭಾರ? ಎಲ್ಲರೂ ಪುಣ್ಯವಂತರು, ತಪ್ಪು ಮಾತ್ರ ಯಾವಾಗಲೂ ಚಾಲಕನದು. ಅದರಲ್ಲೂ ಸತ್ತ ಚಾಲಕನಾದರೆ ತಮಗೆ ಇನ್ನೂ ಅನುಕೂಲ, ಅವನು ಎದುರು ಮಾತಾಡುವುದಿಲ್ಲ. ನನ್ನ ಅಳಿಯನ ದೊಡ್ಡ ಅಪರಾಧವೆಂದರೆ ಬದುಕಿ ಬಂದದ್ದು. ಜೊತೆಗೆ ಅವನ ಅತ್ತೆಯೂ ಬದುಕಿ ಬಂದಳಲ್ಲ, ಅದನ್ನು ತಾವು ಲೆಕ್ಕಕ್ಕೇ ಹಿಡಿಯಲಿಲ್ಲ.

ಈಗ ಕಾರ್ನಿವಲ್ ಮಂಗಳವಾರಕ್ಕೆ ಬರೋಣ. ಆ ದಿನ ಮನೆ, ಅಂಗಡಿ, ಲಾರಿ, ಹೊಲಿಗೆ ಯಂತ್ರ ಎಲ್ಲಕ್ಕೂ ಹೂವು ಹಾಕಿ, ಬಣ್ಣದ ಕಾಗದ ಎರಚಿ, ಭೂತಾಯಿಗೆ ಒಂದು ಗುಟುಕು ಸುರಿದು ಚಾಲ್ಯ ಮಾಡದಿದ್ದರೆ ವರ್ಷವಿಡೀ ದರಿದ್ರ ಎಂದು ನಾವು ನಂಬಿದವರು. ತಾವೂ ನಂಬಿದವರೇ, ಅದಕ್ಕೆ ನನಗೆ ತಮ್ಮ ಮೇಲೆ ಗೌರವವೂ ಇದೆ. ಮಾಂಸದ ವ್ಯಾಪಾರಿಗಳೆಲ್ಲ ಸೇರಿ ನಮ್ಮ ಗೊರ್ದಿತಾಳಿಗೆ, ಅಂದರೆ ಆ ದುಂಡು ಹೊಟ್ಟೆಯ ವಿಮಾನಕ್ಕೆ, ತಮ್ಮನ್ನೇ ಜ್ಞಾನತಂದೆಯಾಗಿ, ಮಗುವನ್ನು ಹರಸಿ ಹೊಣೆ ಹೊರುವ ಧರ್ಮಪಿತನ ಹಾಗೆ, ಕರೆದೆವು. ಆಲ್ತೊದ ವಿಮಾನ ಮೈದಾನಕ್ಕೆ ತಾವು ವಾದ್ಯದವರೊಂದಿಗೆ ಬಂದಿರಿ. ಒಂದು ಕೈಯಲ್ಲಿ ಸಿಂಗಾನಿ ಸಾರಾಯಿಯ ಬಾಟಲಿ, ಇನ್ನೊಂದರಲ್ಲಿ ಗುಲಾಬಿ ಬಣ್ಣದ ಕಾಗದದ ಚೂರಿನ ಚೀಲ. ಟೋಪಿಯ ಮೇಲೆ ಹೂವು. ಏನು ಕಳೆ, ಏನು ಕಳೆ!

ಗೊರ್ದಿತಾಳ ಮೂಗಿನ ಕೆಳಗೆ ಎರಡು ಕೊಳವೆಗಳು ಮುಂದಕ್ಕೆ ಚಾಚಿಕೊಂಡಿರುತ್ತವೆ. ನಿಂತಾಗ ಧೂಳು ಹೋಗದಿರಲಿ ಎಂದು ಅವಕ್ಕೆ ಬಟ್ಟೆಯ ಗವಸು. ತಾವು ಅದನ್ನು ನೋಡಿದ್ದೇ ತಡ, "ಇದೇನ್ರೀ ಇದು, ಹಬ್ಬದ ದಿನ ಹೆಣ್ಣಿನ ಕೊಂಬಿಗೆ ಹಳೇ ಕಾಲುಚೀಲ? ತೆಗೀರಿ, ತೆಗೀರಿ!" ಎಂದಿರಿ. ಏಣಿ ಬಂತು. ಹತ್ತಿದಿರಿ. ಎರಡೂ ಕೊಳವೆ ಸೇರಿಸಿ ಹಾರ ಹಾಕಿದಿರಿ. ಅಷ್ಟಕ್ಕೇ ಇಳಿದಿದ್ದರೆ ಈ ಪತ್ರದ ಅಗತ್ಯವಿರಲಿಲ್ಲ. ಆದರೆ ತಾವು ಕೊಳವೆಯ ಬಾಯಿ ಕಂಡಿರಿ.

"ಅರೆ, ಇದಕ್ಕೆ ಬಾಯೂ ಇದೆ! ಬಾಯಿ ಇದ್ದ ಮೇಲೆ ಉಣಿಸದೆ ಇರೋಕಾಗುತ್ತಾ?"

ಫೆರ್ಮಿನ್ ಕೆಳಗಿನಿಂದ ಕೂಗಿದ: "ಸಾಹೇಬ್ರೇ, ಅದ್ರೊಳಗೆ ಬೇಡಿ! ಗಾಳಿ ಹೋಗೋ ದಾರಿ ಅದು, ವೇಗ ಗೊತ್ತಾಗೋದೇ ಅದ್ರಿಂದ!"

"ಸುಮ್ನಿರೋ ಮಗಾ! ನೀನು ತೊಟ್ಟಿಲಲ್ಲಿದ್ದಾಗ ನಾನು ಲಾರಿಗೆ ಚಾಲ್ಯ ಮಾಡ್ತಿದ್ದೆ. ಅದೃಷ್ಟಕ್ಕೂ ಒಂದು ದಾರಿ ಬೇಡ್ವಾ?"

ಎಂದವರೇ ಕಾಗದದ ಚೂರನ್ನು ಬೆರಳಿನಿಂದ ಒಳಗೆ ತುರುಕಿದಿರಿ. ಎಡಕ್ಕೊಂದು ಹಿಡಿ, ಬಲಕ್ಕೊಂದು ಹಿಡಿ, ಭೇದಭಾವವಿಲ್ಲದೆ. ಗಂಟಲಿಗೆ ಸಿಕ್ಕಿಕೊಳ್ಳದಿರಲಿ ಎಂದು ಮೇಲೆ ಸಿಂಗಾನಿ. ಉಳಿದ ಬಾಟಲಿಯನ್ನು ಕಿಟಕಿಯಿಂದ ಕೈ ಹಾಕಿ ಚಾಲಕನ ಕುರ್ಚಿಯ ಮೇಲೆ ಪೂರ್ತಿ ಬಗ್ಗಿಸಿ, "ಕ್ಯಾಪ್ಟನ್ ಕೂರೋ ಜಾಗ ಒಣಗಿರಬಾರದು" ಎಂದಿರಿ. ವಾದ್ಯ ಜೋರಾಯಿತು. ನಾನೂ ಕುಣಿದೆ. ಸುಳ್ಳೇಕೆ ಹೇಳಲಿ, ಅಷ್ಟು ಚೆನ್ನಾಗಿ ನಕ್ಕ ದಿನ ನನ್ನ ಬದುಕಿನಲ್ಲಿ ಹೆಚ್ಚಿಲ್ಲ.

ಮಾರನೇ ದಿನ ಫೆರ್ಮಿನ್ ಒಂದು ತಂತಿ ಹಿಡಿದು, ಹಣೆಯ ಮೇಲಿನ ವಿಭೂತಿ ಬುಧವಾರದ ಬೂದಿ ಬೆವರಲ್ಲಿ ಕರಗುವವರೆಗೂ ಆ ಕೊಳವೆಗಳನ್ನು ಕೆದಕಿದ. ಕೈಗೆ ಸಿಕ್ಕಿದ್ದೆಲ್ಲ ಬಂತು. ಬೇನಿಗೆ ಇಳಿಯುವಾಗ ವೇಗದ ಮುಳ್ಳು ಸರಿಯಾಗಿಯೇ ಇತ್ತು. ಆದರೆ ಆಳದಲ್ಲಿ ಉಳಿದ ಚೂರುಗಳು ಅಲ್ಲಿಯ ಮಳೆಯಲ್ಲಿ ನೆನೆದು ಉಬ್ಬಿದವು. ನಾವು ಮಾಂಸ ತುಂಬಿ ಮತ್ತೆ ಬೆಟ್ಟದ ಕಡೆ ಏರುವಾಗ, ಮೋಡದೊಳಗಿನ ಚಳಿಗೆ ಅವು ಕಲ್ಲಾದವು. ಹಾಗೆ ಬಾಯಿ ಕಟ್ಟಿದ ಕೊಳವೆಯ ಮುಳ್ಳು, ವಿಮಾನ ಮೇಲೇರಿದಷ್ಟೂ "ಜೋರು, ಜೋರು" ಎಂದು ಸುಳ್ಳು ಹೇಳುತ್ತದಂತೆ, ವಿಮಾನ ನಿಜಕ್ಕೂ ನಿಧಾನವಾಗುತ್ತಿದ್ದರೂ. ತೀರ ನಿಧಾನವಾದರೆ ಗಾಳಿ ವಿಮಾನವನ್ನು ಹೊರುವುದಿಲ್ಲವಂತೆ. ಒಂದು ಮುಳ್ಳು ಸುಳ್ಳು ಹೇಳಿದರೆ ಇನ್ನೊಂದನ್ನು ನೋಡಬಹುದು. ತಾವು ಎರಡಕ್ಕೂ ಸಮನಾಗಿ ಉಣಿಸಿದ್ದಿರಲ್ಲ!

ನಾನು ಹಿಂದೆ ದನದ ತೊಡೆಯೊಂದರ ಮೇಲೆ, ನನ್ನ ಏಳು ಲಂಗ ಹರಡಿಕೊಂಡು ಕೂತಿದ್ದೆ. ಇದ್ದಕ್ಕಿದ್ದಂತೆ ಗೊರ್ದಿತಾ ಜ್ವರ ಬಂದವಳ ಹಾಗೆ ನಡುಗಿದಳು. ಆಮೇಲೆ ಒಮ್ಮೆಲೇ ಕೆಳಕ್ಕೆ ಜಾರಿದಳು. "ಏನಾಯ್ತೋ ಫೆರ್ಮಿನ್?" ಎಂದು ಕಿರುಚಿದೆ.

"ಮುಳ್ಳು ಜೋರು ಅಂತಿದೆ ಅತ್ತೆ, ನನ್ನ ಕುಂಡೆ ನಿಧಾನ ಅಂತಿದೆ!"

"ಹಂಗಾದ್ರೆ ಕುಂಡೆ ಮಾತು ಕೇಳೋ, ಮೂರ್ಖ! ಅದು ನಿಂದೇ!"

ಕೇಳಿದ. ಕೇಳಿದ್ದಕ್ಕೇ ನಾನು ಇಂದು ಈ ಪತ್ರ ಬರೆಯುತ್ತಿದ್ದೇನೆ. ಮೂಗು ಕೆಳಗೆ ಮಾಡಿ, ಮೋಡದಿಂದ ಹೊರಬಿದ್ದು, ಎರಡು ಕೆರೆಗಳ ನಡುವಿನ ನೆರೆ ನಿಂತ ಹುಲ್ಲುಗಾವಲಲ್ಲಿ ಹೊಟ್ಟೆಯ ಮೇಲೆ ಇಳಿಸಿದ. ಬಾಗಿಲು ಕಿತ್ತುಹೋಗಿ ಮಾಂಸವೆಲ್ಲ ನೀರುಪಾಲಾಯಿತು. ನಾನೂ ಅದರ ಜೊತೆಯಲ್ಲೇ. ಲಂಗಗಳಲ್ಲಿ ಗಾಳಿ ತುಂಬಿ ತೇಲಿದೆ. ಮೊಸಳೆಗಳು ನನ್ನನ್ನು ನೋಡಿದವು, ಪಕ್ಕೆಲುಬುಗಳನ್ನು ನೋಡಿದವು, ಬುದ್ಧಿವಂತಿಕೆಯಿಂದ ಪಕ್ಕೆಲುಬು ಆರಿಸಿಕೊಂಡವು. ದೋಣಿ ತಂದ ದನಗಾಹಿ ನನ್ನನ್ನು ಎಳೆದು ಹಾಕಿಕೊಂಡು ಹೇಳಿದ: "ಏನಮ್ಮಾ, ಇಲ್ಲಿಂದ ದನ ಹೋಗೋದನ್ನ ದಿನಾ ನೋಡ್ತೀನಿ, ವಾಪಸ್ ಬಂದಿದ್ದು ಇವತ್ತೇ ನೋಡಿದ್ದು!" ಅವನು, ಫೆರ್ಮಿನ್, ನಾನು, ಮೂವರೂ ಆ ದೋಣಿಯಲ್ಲಿ ಅಳುವವರೆಗೆ ನಕ್ಕೆವು. ಆಮೇಲೆ ಫೆರ್ಮಿನ್ ನಿಜವಾಗಿಯೇ ಅತ್ತ. ನಾನು ಅವನ ತಲೆಯನ್ನು ಒದ್ದೆ ಮಡಿಲಲ್ಲಿ ಇಟ್ಟುಕೊಂಡೆ.

ಮುಂದೆ ತಮ್ಮ ಸವಾರಿ ಬಂತು. ದೋಣಿಯಲ್ಲಿ ಕೊಡೆ ಹಿಡಿದು ಬಂದು, ಚಾಲಕನ ಕೋಣೆಗೆ ತಲೆ ಹಾಕಿ, ಮೂಗು ಮುಚ್ಚಿಕೊಂಡಿರಿ. "ಛೇ, ಛೇ, ಸಿಂಗಾನಿ!" ಮೂಗು ತುಂಬ ಚುರುಕು ತಮ್ಮದು. ತಮ್ಮದೇ ಬಾಟಲಿಯ ಗುರುತು ಸಿಗದಿದ್ದರೆ ಹೇಗೆ? ಫೆರ್ಮಿನ್ ಮೊಣಕಾಲು ನೀರಿನಲ್ಲಿ ನಿಂತು ಕೊಳವೆಯಿಂದ ಗುಲಾಬಿ ಉಂಡೆಯೊಂದನ್ನು ಎಳೆದು ತಮ್ಮ ಅಂಗೈಗೆ ಹಾಕಿದ. ತಾವು ಒಂದು ಕ್ಷಣ ನೋಡಿದಿರಿ. ತಮ್ಮ ಮುಖವೂ ಅದೇ ಬಣ್ಣಕ್ಕೆ ತಿರುಗಿತು. "ಇದು ಹಬ್ಬದ ಕಸ, ಅಪಘಾತಕ್ಕೂ ಇದಕ್ಕೂ ಸಂಬಂಧವಿಲ್ಲ" ಎಂದು ನೀರಿಗೆ ಎಸೆದಿರಿ. ಮೀನು ಕೂಡ ಅದನ್ನು ಮುಟ್ಟಲಿಲ್ಲ.

ಮಾನ್ಯರೇ, ಆ ಕ್ಷಣಕ್ಕೆ ಮಾತ್ರ ನನಗೆ ನಗು ಬರುವುದಿಲ್ಲ. ಏಣಿ ಹತ್ತಿದ್ದು ಹಬ್ಬದ ಮೋಜು, ಅದನ್ನು ಭೂತಾಯಿಯೂ ಕ್ಷಮಿಸುತ್ತಾಳೆ. ಗೊತ್ತಿದ್ದೂ ಎಸೆದದ್ದು ಯಾವ ಹಬ್ಬ?

ಈಗ ತಮ್ಮ "ಪಾನಮತ್ತ" ನನ್ನ ಅಂಗಡಿಯಲ್ಲಿ ಮಾಂಸ ಕಡಿಯುತ್ತಾನೆ. ಎರಡು ಕೆರೆಗಳ ನಡುವೆ ವಿಮಾನ ಇಳಿಸಿದವನಿಗೆ ಎರಡು ಎಲುಬುಗಳ ನಡುವೆ ಕತ್ತಿ ಇಳಿಸಲು ಬರುವುದಿಲ್ಲ. ಗಿರಾಕಿಗಳು "ಕ್ಯಾಪ್ಟನ್, ಇದು ಪಕ್ಕೆಲುಬಾ, ಅಪಘಾತಾನಾ?" ಎಂದು ರೇಗಿಸುತ್ತಾರೆ. ಅವನೂ ನಗುತ್ತಾನೆ. ಮೇಲೆ ವಿಮಾನದ ಸದ್ದಾದರೆ ಮಾತ್ರ ಕತ್ತಿ ಕೆಳಗಿಟ್ಟು, ಅದು ಬೆಟ್ಟದಾಚೆ ಮರೆಯಾಗುವವರೆಗೂ ಕತ್ತೆತ್ತಿ ನಿಲ್ಲುತ್ತಾನೆ. ಗಿರಾಕಿಗಳು ಕಾಯುತ್ತಾರೆ. ನಮ್ಮ ಸಂತೆಯಲ್ಲಿ ಯಾರೂ ಯಾರಿಗಾಗಿಯೂ ಕಾಯುವವರಲ್ಲ, ಅವನಿಗಾಗಿ ಕಾಯುತ್ತಾರೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಶುಕ್ರವಾರ ಅವನ ಪರವಾನಗಿಯನ್ನು ಅವನ ಕೈಗೆ ಕೊಡಿ. ವರದಿಯಲ್ಲಿ ಕಾರಣದ ಮುಂದೆ "ಜ್ಞಾನತಂದೆಯ ಅತಿಪ್ರೀತಿ" ಎಂದು ಬರೆಯಿರಿ, ಬೇಕಿದ್ದರೆ ಸಣ್ಣ ಅಕ್ಷರದಲ್ಲೇ ಬರೆಯಿರಿ, ಚಾಲಕರ ಕಣ್ಣು ಚುರುಕು, ಓದಿಕೊಳ್ಳುತ್ತಾರೆ. ಓದಿಕೊಂಡರೆ ಮುಂದಿನ ಕಾರ್ನಿವಲ್‌ನಲ್ಲಿ ಹಾರ ಚಕ್ರಕ್ಕೆ ಬೀಳುತ್ತದೆ, ಕೊಳವೆಗಲ್ಲ. ಇಷ್ಟಾಗಿಯೂ ತಾವು ಆ ಗುಲಾಬಿ ಉಂಡೆ ಬರೀ ಕಸ ಎನ್ನುವುದಾದರೆ ನನ್ನದೇನೂ ತಕರಾರಿಲ್ಲ. ಗೊರ್ದಿತಾಳ ಬದಲಿಗೆ ಹೊಸ ವಿಮಾನ ಬರುತ್ತಿದೆ. ಬನ್ನಿ, ಅದರ ಕೊಳವೆಗಳಿಗೂ ತಮ್ಮ ಕೈಯಾರೆ ಹೊಟ್ಟೆ ತುಂಬ ಉಣಿಸಿ. ಆಮೇಲೆ ಒಳಗೆ ಬಂದು ನನ್ನ ಪಕ್ಕದ ದನದ ತೊಡೆಯ ಮೇಲೆ ಕೂತು ಬೇನಿಗೆ ಹೋಗಿ ಬನ್ನಿ. ದಾರಿಯಲ್ಲಿ ಮುಳ್ಳು ಸುಳ್ಳು ಹೇಳತೊಡಗಿದಾಗ, ಮುಂದಿನ ಕುರ್ಚಿಯಲ್ಲಿ ಯಾರು ಇರಲಿ ಎಂದು ದೇವರನ್ನು ಬೇಡಿಕೊಳ್ಳುತ್ತೀರೋ, ಅವನ ಪರವಾನಗಿಯನ್ನೇ ನಾನು ಕೇಳುತ್ತಿರುವುದು.

ಇಂತಿ,
ಆ ಮಂಗಳವಾರ ತಾವು ಬೀಳದಿರಲಿ ಎಂದು ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದವಳು,
ಪೆತ್ರೋನಾ ಚುಕಿಮಿಯಾ
ಮಾಂಸದ ವ್ಯಾಪಾರಿ, ಲಾ ಪಾಸ್