ಮುದ್ರೆಯೆಂದು ನಾನು ಹೇಳಿದ ಗಾಯ

ಪ್ರಿಯ ತಮ್ಮ ರಾಘು,

ಕಿರಿಯರಿಗೆ ಬರೆಯುವ ಪತ್ರ ‘ಚಿರಂಜೀವಿ’ ಎಂಬ ಪದದಿಂದ ಮೊದಲಾಗಬೇಕೆಂದು ಅಪ್ಪ ಕಲಿಸಿದ್ದರು. ನೀನು ರೈಲ್ವೆಯಲ್ಲಿ ಟಿಕೆಟ್ ಪರೀಕ್ಷಕನಾಗಿ ಊರೂರು ಸುತ್ತುತ್ತಿದ್ದ ಕಾಲದಿಂದಲೂ ಹಾಗೆಯೇ ಬರೆದೆ. ಇಂದು ಆ ಪದವನ್ನು ಬರೆದು, ಹೊಡೆದುಹಾಕಿ, ಹಾಳೆಯನ್ನೇ ಬದಲಿಸಿದೆ. ನಾಳೆ ನಿನ್ನ ವರ್ಷಾಬ್ದಿಕ, ಮೊದಲ ವರ್ಷದ ಶ್ರಾದ್ಧ. ಅದಕ್ಕೆ ಮೊದಲು ನಿನ್ನೊಡನೆ ಜಗಳವಾಡಬೇಕಾಗಿದೆ, ನನ್ನೊಡನೆಯೂ.

ಕಳೆದ ವರ್ಷದ ಪ್ರಥಮೈಕಾದಶಿಯ ಬೆಳಗು ನೆನಪಿದೆಯೇ? ಮಠದಲ್ಲಿ ತಪ್ತಮುದ್ರೆಗಾಗಿ ಸಾಲಿನಲ್ಲಿ ನಿಂತಿದ್ದೆವು. ಹೋಮದ ಕೆಂಡದಲ್ಲಿ ಕಾದ ಶಂಖಚಕ್ರಗಳನ್ನು ಸ್ವಾಮಿಗಳು ಮೊದಲು ನನ್ನ ತೋಳುಗಳಿಗೆ, ಮರುಕ್ಷಣದಲ್ಲಿ ನಿನ್ನ ತೋಳುಗಳಿಗೆ ಒತ್ತಿದರು. ನೀನು ತೋಳನ್ನು ಊದಿಕೊಳ್ಳುತ್ತ ನನ್ನ ಕಿವಿಯಲ್ಲಿ ಹೇಳಿದೆ: “ಅಣ್ಣಾ, ಸ್ಟಾಂಪ್ ಬಿತ್ತು. ಇನ್ನು ವೈಕುಂಠದ ಗೇಟಲ್ಲಿ ನನ್ನಂಥ ಟಿ.ಟಿ. ನಿಂತಿದ್ರೂ ಇಳಿಸೋಕ್ಕಾಗಲ್ಲ.” ನಾನು ಗದರಿದೆ. ದೇವರ ಕಾರ್ಯದಲ್ಲಿ ಪರಿಹಾಸ್ಯವೇ ಎಂದೆ. ಅದೇ ದಿನ, ಅದೇ ಬೆಂಕಿ, ಅದೇ ಲೋಹ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೋ. ಇದಕ್ಕೆ ಮತ್ತೆ ಬರುತ್ತೇನೆ.

ಪಲ್ಲಾವರದ ನಿನ್ನ ಮನೆಯ ಹಿಂದಿನ ಪಾಳು ನಿವೇಶನವೂ ಕಣ್ಣಿಗೆ ಕಟ್ಟುತ್ತದೆ. ನೀನು ಸೂರ್ಯೋದಯಕ್ಕೆ ಮುನ್ನ ಸ್ನಾನ ಮಾಡಿ, ಒದ್ದೆ ಮಡಿಯುಟ್ಟು, ಅಂಗಿಯಿಲ್ಲದ ಮೈಯಲ್ಲಿ, ಬರಿಗಾಲಲ್ಲಿ ಪೊದೆಗಳ ನಡುವೆ ನುಗ್ಗಿ ತುಳಸಿ ಕೊಯ್ಯುತ್ತಿದ್ದೆ. ದ್ವಾದಶಿ ಬಂತೆಂದರೆ, ಹಿಂದಿನ ದಿನವೇ ಕೊಯ್ದಿಟ್ಟ ಬುಟ್ಟಿಯನ್ನು ಹಿಡಿದು ರೈಲು, ಬಸ್ಸು ಹತ್ತಿ ಮೈಲಾಪುರದ ನಮ್ಮ ಮನೆಗೆ ತರುತ್ತಿದ್ದೆ. ಆ ಪೊದೆಗಳಲ್ಲಿ, ಉಣುಗಿನ ಬಳಗಕ್ಕೆ ಸೇರಿದ, ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ನುಸಿಯ ಮರಿಗಳಿರುತ್ತವೆಂದೂ, ಅವು ಕಚ್ಚಿದ ಸ್ಥಳ ನೋಯುವುದಿಲ್ಲವೆಂದೂ, ಕೆಲವು ದಿನಗಳ ಮೇಲೆ ಅಲ್ಲಿ ಸುಟ್ಟಂತೆ ಕಪ್ಪು ಹೊಪ್ಪಳೆಯೊಂದು ಮೂಡುತ್ತದೆಂದೂ ನಮಗೆ ಯಾರು ಹೇಳಿದ್ದರು? ಇಷ್ಟು ಶಾಸ್ತ್ರಗಳನ್ನು ಓದಿದ ನನಗೆ ಈ ಒಂದು ವಿಷಯ…

ಏಕಾದಶಿ ಕಳೆದ ಹನ್ನೆರಡನೆಯ ದಿನ ನಿನಗೆ ಜ್ವರ ಬಂತು. ಬೀದಿಯ ಮೂಲೆಯ ಕ್ಲಿನಿಕ್ಕಿನ ವೈದ್ಯ ಮೇಜಿನ ಆ ಕಡೆಯಿಂದಲೇ “ವೈರಲ್ ಫೀವರ್” ಎಂದು ಮಾತ್ರೆ ಬರೆದ. ನಾಲಗೆ ನೋಡಲಿಲ್ಲ, ಅಂಗಿ ಎತ್ತಿಸಲಿಲ್ಲ. ಡೆಂಗೆಯ ಪರೀಕ್ಷೆ ಮಾಡಿಸಿ, ಅದಲ್ಲವೆಂದು ತಿಳಿದು, ಅದೇ ಮಾತ್ರೆಯನ್ನು ಮತ್ತೆ ಬರೆದುಕೊಟ್ಟ. ಚೀಟಿ ಬರೆಯುವುದಷ್ಟೇ ವೈದ್ಯವಾದರೆ ಕಣ್ಣೇಕೆ, ಕೈಯೇಕೆ? ಆದರೆ ಅವನನ್ನು ಬೈದು ತಪ್ಪಿಸಿಕೊಳ್ಳಲು ನನಗೆ ಹಕ್ಕಿಲ್ಲ.

ಜ್ವರದ ಮೂರನೆಯ ದಿನ ನಿನ್ನನ್ನು ನೋಡಲು ಬಂದಾಗ, ಬಲತೋಳಿನ ಒಳಮೈಯಲ್ಲಿ, ಕಂಕುಳಿಗೆ ಸಮೀಪದಲ್ಲಿ, ಆ ಕಪ್ಪು ಹೊಪ್ಪಳೆಯನ್ನು ಕಂಡೆ. ಸುತ್ತಲೂ ಕೆಂಪು ಅಂಚು. ನಿನ್ನ ಹೆಂಡತಿ ವತ್ಸಲಾ ಬಾಗಿಲಲ್ಲಿ ನಿಂತು, “ಭಾವ, ಇದನ್ನ ಡಾಕ್ಟರಿಗೆ ತೋರಿಸ್ಬೇಕಾ?” ಎಂದು ಕೇಳಿದಳು. ನಾನು ಹೇಳಿದೆ: “ಮುದ್ರೆ ಸ್ವಲ್ಪ ಜಾರಿ ಬಿದ್ದಿದೆ, ಅಷ್ಟೇ. ಅದನ್ನೆಲ್ಲ ತೋರಿಸಿದ್ರೆ ನಗ್ತಾರೆ.” ನೀನೋ, ನಗುತ್ತ, “ದೇವರ ಸೀಲು, ಪರವಾಯಿಲ್ಲ ಬಿಡು” ಎಂದು ಅದರ ಮೇಲೆಯೇ ಗೋಪೀಚಂದನ ಹಚ್ಚಿಕೊಂಡೆ. ನನ್ನ ಮಾತನ್ನು ಅಷ್ಟು ಸುಲಭವಾಗಿ ಏಕೆ ನಂಬಿದೆ? ಮೂವತ್ತು ವರ್ಷ ಪ್ರಯಾಣಿಕರ ಮಾತು ನಂಬದೆ ಟಿಕೆಟ್ ಕೇಳಿದವನು ನೀನು. ಅಣ್ಣನನ್ನು ಒಮ್ಮೆ ಕೇಳಬಾರದಿತ್ತೇ?

ಆ ಹೊತ್ತಿಗೆ ನನ್ನ ತೋಳುಗಳು ಶುಭ್ರವಾಗಿದ್ದವು, ರಾಘು. ಅದೇ ಬೆಂಕಿಯ ಗುರುತು ಒಂದು ವಾರಕ್ಕೆ ಮಾಸಿಹೋಗಿತ್ತು. ನಾನು ನನ್ನ ತೋಳನ್ನೇ ನೋಡಿಕೊಳ್ಳಲಿಲ್ಲ.

ಜ್ವರದ ಒಂಬತ್ತನೆಯ ದಿನ, ಉಸಿರಾಟ ಕಷ್ಟವಾದಾಗ, ನಿನ್ನನ್ನು ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ವತ್ಸಲಾ ಬಟ್ಟೆ ತರಲು ಮನೆಗೆ ಹೋಗಿದ್ದಳು. ನಿನ್ನ ಹಾಸಿಗೆಯ ಪಕ್ಕದಲ್ಲಿ ನಾನೊಬ್ಬನೇ. ಎಳೆಯ ವಯಸ್ಸಿನ ವೈದ್ಯೆ ಬಂದಳು, ನಿನ್ನ ತೋಳೆತ್ತಿದಳು, ಗೋಪೀಚಂದನದ ಕೆಳಗಿನ ಕಪ್ಪಿನ ಮೇಲೆ ಬೆರಳಿಟ್ಟು, “ಇದೆನ್ನ ಸಾರ್?” ಎಂದಳು. ರೋಗದ ಹೆಸರಿನ ಮೇಲೆಯೇ ಅವಳ ಬೆರಳಿತ್ತು. ನಾನು ತಮಿಳಿನಲ್ಲಿ, ಮಠದ ಜಗಲಿಯ ಗತ್ತಿನಿಂದ ಹೇಳಿದೆ: “ಅದು ದೇವರ ಮುದ್ರೆ, ಅಮ್ಮ. ನಮ್ಮ ಸಂಪ್ರದಾಯ. ಮುಟ್ಟಬೇಡಿ.” ಅವಳು “ಸಾರಿ ಸಾರ್” ಎಂದು ಕೈ ಹಿಂದೆಗೆದುಕೊಂಡಳು. ನನ್ನ ಬಿಳಿಗೂದಲಿಗೆ ಆ ಮಗು ಮರ್ಯಾದೆ ಕೊಟ್ಟಿತು. ಏಕೆ ಕೊಡಬೇಕಿತ್ತು? ಮುದುಕನನ್ನು ಹೊರಗೆ ಕಳುಹಿಸಿ ಬಾಗಿಲು ಹಾಕಬಾರದಿತ್ತೇ?

ಎರಡು ದಿನಗಳ ಮೇಲೆ ಹಿರಿಯ ವೈದ್ಯರು ಬಂದು, ಯಾರನ್ನೂ ಕೇಳದೆ ಆ ಸ್ಥಳವನ್ನು ಒರೆಸಿ ನೋಡಿ, “ಸ್ಕ್ರಬ್ ಟೈಫಸ್, ಪೊದೆಯ ನುಸಿ ಕಚ್ಚಿ ಬರುವ ಜ್ವರ” ಎಂದರು. ಮೊದಲ ದಿನಗಳಲ್ಲೇ ತಿಳಿದಿದ್ದರೆ ಮಾತ್ರೆಯಲ್ಲೇ ಇಳಿಯುವ ಜ್ವರವೆಂದರು. ಆಗ ನಿನ್ನ ಮೂತ್ರಪಿಂಡಗಳು ನಿಂತಿದ್ದವು. ಮರುದಿನ ನೀನು…

ಈ ಒಂದು ವರ್ಷದಲ್ಲಿ ಎಷ್ಟು ಜನ ಬಂದು “ಆಯುಸ್ಸು ಅಷ್ಟೇ ಇತ್ತು” ಎಂದರೋ. ವತ್ಸಲೆಯೂ ಅದನ್ನೇ ಹೇಳುತ್ತಾಳೆ: “ಭಾವ, ನೀವು ಹಗಲೂ ರಾತ್ರಿ ಪಕ್ಕದಲ್ಲಿದ್ರಿ. ಇನ್ನೇನು ಮಾಡೋಕ್ಕಾಗ್ತಿತ್ತು?” ಆಸ್ಪತ್ರೆಯಲ್ಲಿ ನಾನಾಡಿದ ಮಾತು ಅವಳಿಗೆ ಗೊತ್ತಿಲ್ಲ. ಅವಳು ಹಾಗೆಂದಾಗಲೆಲ್ಲ ನನಗೆ ಕೋಪ ಉಕ್ಕುತ್ತದೆ, ಅವಳ ಮೇಲಲ್ಲ. ನನ್ನ ಅಹಂಕಾರದ ಭಾರವನ್ನು ಶ್ರೀಹರಿಯ ತಲೆಗೆ ಕಟ್ಟಿ ನೆಮ್ಮದಿಯಾಗಿ ಊಟ ಮಾಡುವುದು ಯಾವ ಭಕ್ತಿ? ಗಾಯವನ್ನು ನೋಡಬೇಡವೆಂದು ಅವನೆಲ್ಲಿ ಹೇಳಿದ?

ಈಗ ನೀನು ಕೇಳಿರದ ಸುದ್ದಿ. ನಿನ್ನ ಪಕ್ಕದ ಮನೆಯ ಗುಂಡಣ್ಣ, ನಿನ್ನ ಅನಂತರ ತುಳಸಿಯ ಕೈಂಕರ್ಯವನ್ನು ವಹಿಸಿಕೊಂಡವನು, ಈ ವರ್ಷದ ಮುದ್ರೆ ಮುಗಿದ ಹತ್ತನೆಯ ದಿನ ಜ್ವರ ಬಂದು ಮಲಗಿದ. ಪೊದೆಗೆ ಹೋಗುವಾಗ ಅಂಗಿ ತೊಡು, ಕಾಲು ಮುಚ್ಚಿಕೋ ಎಂದು ಹೇಳಿದ್ದೆ. “ಮಡಿಯಲ್ಲಿ ಶೂ ಹಾಕ್ಕೊಂಡು ತುಳಸಿ ಕೊಯ್ಯಕ್ಕಾಗತ್ತಾ, ಅಣ್ಣಾ?” ಎಂದು ನಕ್ಕಿದ್ದ. ಮೂರನೆಯ ದಿನವೇ ಅದೇ ಆಸ್ಪತ್ರೆಗೆ ನಾನೇ ಕರೆದೊಯ್ದೆ. ಅದೇ ವೈದ್ಯೆ. ನನ್ನ ಗುರುತು ಅವಳಿಗಿರಲಿಲ್ಲ. ಅವಳು ತೋಳಿಗೆ ಕೈ ಚಾಚುವಷ್ಟರಲ್ಲಿ, ಜೊತೆಗೆ ಬಂದಿದ್ದ ಗುಂಡಣ್ಣನ ತಂದೆ, “ಅಮ್ಮಾ, ಅಲ್ಲಿ ಮುಟ್ಬೇಡಿ, ಮುದ್ರೆ” ಎಂದರು. ಅವಳ ಕೈ ಗಾಳಿಯಲ್ಲಿ ನಿಂತಿತು. ನಾನು ಒದ್ದೆ ಹತ್ತಿ ತೆಗೆದುಕೊಂಡು ಗುಂಡಣ್ಣನ ಗೋಪೀಚಂದನವನ್ನೆಲ್ಲ ಒರೆಸಿಹಾಕಿದೆ.

ಕೆಳಗೆ ಏನೂ ಇರಲಿಲ್ಲ. ಶುದ್ಧ ಚರ್ಮ.

“ಬುದ್ಧಿ ಕೆಟ್ಟಿದೆಯೇನಯ್ಯಾ ನಿಂಗೆ? ಜ್ವರದಲ್ಲಿರೋನ ನಾಮ ಅಳಿಸ್ತೀಯಲ್ಲ” ಎಂದು ಅವನ ತಂದೆ ಕೇಳಿದರು. “ಅಳಿಸಿದ್ದನ್ನ ನಾಳೆ ಮತ್ತೆ ಹಚ್ಚಬಹುದು” ಎಂದೆ. ವೈದ್ಯೆಗೆ ಹೇಳಿದೆ: “ಹೋದ ವರ್ಷ ಇದೇ ಆಸ್ಪತ್ರೆಯಲ್ಲಿ ನನ್ನ ತಮ್ಮನ ತೋಳಿನ ಮೇಲಿದ್ದ ನಿಮ್ಮ ಬೆರಳನ್ನು ತೆಗೆಸಿದವನು ನಾನು. ಇವತ್ತು ಯಾರ ಮಾತನ್ನೂ ಕೇಳಬೇಡಿ. ತಲೆಯಿಂದ ಪಾದದವರೆಗೆ ನೋಡಿ.” ಅವಳು ಪರದೆ ಎಳೆದಳು. ತಲೆಯಿಂದಲೇ ನೋಡುತ್ತ ಬಂದಳು. ಸೊಂಟದ ಉಡಿದಾರದ ಕೆಳಗೆ, ಅದೇ ಕಪ್ಪು, ಅದೇ ಕೆಂಪು ಅಂಚು.

ಮಾತ್ರೆ ಶುರುವಾದ ಎರಡನೆಯ ದಿನ ಜ್ವರ ಇಳಿಯಿತು. ಗುಂಡಣ್ಣ ನಿನ್ನೆ ಫೋನಿನಲ್ಲಿ, ಸಾರನ್ನ ರುಚಿಸುತ್ತಿದೆ ಎಂದ. ಸಂತೋಷಪಡಬೇಕಿತ್ತು, ಫೋನಿಟ್ಟು ಗೋಡೆಗೆ ಕೈ ಗುದ್ದಿದೆ. ಇಷ್ಟೇ ಆಗಿತ್ತೇ, ರಾಘು? ಒಂದು ಹಿಡಿ ಒದ್ದೆ ಹತ್ತಿ, ಒಂದಿಷ್ಟು ಮಾತ್ರೆ?

ಮಕ್ಕಳಿಲ್ಲದ ನಿನಗೆ ಕರ್ಮ ಮಾಡುವ ಹೊಣೆ ನನ್ನದು. ನಾಳೆ ಸಂಕಲ್ಪಕ್ಕೆ ಮೊದಲು, ಒಲೆ ಹಚ್ಚುವುದಕ್ಕೂ ಮೊದಲು, ವತ್ಸಲೆಯನ್ನು ಕೂರಿಸಿ, ಆಸ್ಪತ್ರೆಯಲ್ಲಿ ನಾನಾಡಿದ ಆ ಮೂರು ಮಾತುಗಳನ್ನು ಅಕ್ಷರ ಬಿಡದೆ ಹೇಳುತ್ತೇನೆ. ಈ ಕೈಯಿಂದ ಪಿಂಡವಿಡುವುದು ಬೇಡವೆಂದು ಅವಳೆಂದರೆ ದರ್ಭೆಯನ್ನು ಪುರೋಹಿತರ ಕೈಗಿಟ್ಟು ಎದ್ದು ನಿಲ್ಲುತ್ತೇನೆ. ಇಡು ಎಂದರೆ ಇಡುತ್ತೇನೆ. ಬಚ್ಚಿಟ್ಟ ಬಾಯಿಂದ ಮಾತ್ರ ನಿನ್ನ ಗೋತ್ರನಾಮಗಳನ್ನು ಇನ್ನು ಉಚ್ಚರಿಸಲಾರೆ.

ನಿನ್ನ ಅಣ್ಣ