ಒಂದು ಅಂಕ ಹೆಚ್ಚಾಯಿತು

ಮೇ 6, ಬೆಳಿಗ್ಗೆ 7.10

ಮತ್ತೆ ಆರು ಸುತ್ತು. ಕೋಚ್ ಕಣ್ಣು ಸ್ಟಾಪ್‌ವಾಚ್ ಮೇಲೆ, ನನ್ನ ಕಣ್ಣು ಪಕ್ಕದ ಲೇನಿನವರ ಕೈಗಳ ಮೇಲೆ. ಒಬ್ಬಳಿಗೆ ಮೊಣಕೈ ಕೆಳಗೆ ಏನೂ ಇಲ್ಲ. ಇನ್ನೊಬ್ಬಳು ಅಂಗಿಯ ಖಾಲಿ ತೋಳನ್ನು ಗಂಟು ಹಾಕಿಕೊಂಡಿದ್ದಾಳೆ. ನನ್ನ ಎಡಗೈ ನಾನು ಹುಟ್ಟುವಾಗ ಎಳೆದು ಸೋತದ್ದು. ಸಣಕಲು, ಪೂರ್ತಿ ಚಾಚುವುದಿಲ್ಲ. ಆದರೆ ಇದೆ.

ನಾಳೆ ಕ್ಲಾಸಿಫಿಕೇಶನ್, ವಿಕಲಚೇತನರ ಕೂಟದಲ್ಲಿ ಓಡಲು ಯಾರು ಅರ್ಹರು ಎಂಬ ಪರೀಕ್ಷೆ. ಡಾಕ್ಟರು ಕೈಯ ಬಲ ನೋಡಿ ಅಂಕ ಕೊಡುತ್ತಾರೆ. ಅಂಕ ಕಡಿಮೆಯಾದರೆ ಪಾಸು, ಹತ್ತನೇ ತಾರೀಕು ನಾನೂರು ಮೀಟರ್ ಓಡಬಹುದು. ಹೆಚ್ಚಾದರೆ ಫೇಲು. ಶಾಲೆಯಲ್ಲಿ ಇಂಥ ಪರೀಕ್ಷೆ ಇದ್ದಿದ್ದರೆ ನಾನೇ ಫಸ್ಟ್.

ಅದೇ ದಿನ, ಸಂಜೆ 4

"ನಾಳೆ ಪೂರ್ತಿ ಜೋರು ಹಾಕ್ಬೇಡಮ್ಮ," ಅಂದರು ಕೋಚ್.

"ಅಂದ್ರೆ?"

"ಸುಳ್ಳು ಹೇಳು ಅಂದ್ನಾ? ದಣಿದ ಕೈ ಥರ ಇಟ್ಕೋ ಅಂದೆ. ಅಷ್ಟೇ."

ಎಂಟು ವರ್ಷದಿಂದ ನನ್ನನ್ನು ಓಡಿಸುತ್ತಿರುವವರು. ಮಾತು ಮುಗಿಸಿ ನನ್ನ ಮುಖ ನೋಡಲಿಲ್ಲ.

ಬಾತ್‌ರೂಮಿನ ಕನ್ನಡಿ ಮುಂದೆ ಎಡಗೈಯಲ್ಲಿ ಬಕೆಟ್ ಎತ್ತಿ, ಸೋತವಳ ಹಾಗೆ ಕೆಳಗೆ ಬಿಟ್ಟೆ. ಚೆನ್ನಾಗಿ ಬಂತು. ಅಸಹ್ಯವಾಯಿತು. ಇನ್ನೊಂದು ಸಲ ಮಾಡಿದೆ.

ಮೇ 7, ಮಧ್ಯಾಹ್ನ

ಚಿಕ್ಕ ಕೋಣೆ, ಒಂದು ಮೇಜು, ಇಬ್ಬರು ಡಾಕ್ಟರು. ಒಬ್ಬರು ಅಂಗೈಗೆ ಅಂಗೈ ಕೊಟ್ಟರು. "ನನ್ನನ್ನ ತಳ್ಳಿ. ಆದಷ್ಟು ಜೋರಾಗಿ."

ಮೆಲ್ಲಗೆ ತಳ್ಳಬೇಕೆಂದೇ ಹೋಗಿದ್ದೆ. ಆದರೆ ಇಪ್ಪತ್ತನಾಲ್ಕು ವರ್ಷದಿಂದ "ಬಿಡು, ನಿನ್ನ ಕೈಲಾಗಲ್ಲ" ಎಂದು ಕೇಳಿಸಿಕೊಂಡ ಕೈ... ತಾನೇ ಹೋಯಿತು. ಬೆವರು ಬರುವ ತನಕ ತಳ್ಳಿದೆ. ಡಾಕ್ಟರ ಭುಜ ಹಿಂದೆ ಸರಿಯಿತು. ಹೆಮ್ಮೆಯಾಯಿತು. ದೇವರೇ, ಅಲ್ಲಿ ಹೆಮ್ಮೆ!

"ಏನು ಕೆಲಸ ಮಾಡ್ತೀರಿ?"

"ಗೋದಾಮಲ್ಲಿ ಪ್ಯಾಕಿಂಗ್. ಆರು ವರ್ಷ. ಡಬ್ಬ ಎತ್ತೋದು."

"ಅದಕ್ಕೇ ಕೈ ಇಷ್ಟು ಗಟ್ಟಿಯಾಗಿದೆ."

ಒಂದು ಅಂಕ ಹೆಚ್ಚು. ಅರ್ಹಳಲ್ಲ. ನಾಳೆ ಬೇರೆ ಡಾಕ್ಟರು ಮತ್ತೊಮ್ಮೆ ನೋಡುತ್ತಾರಂತೆ. ಅದೇ ಕೊನೆ.

ಮೇ 8, ಬೆಳಿಗ್ಗೆ 7

ರೂಮಿನಲ್ಲಿ ಜೊತೆಗಿರುವುದು ಸ್ಪ್ರಿಂಗಕ್ಕ. ಲಾಂಗ್ ಜಂಪ್. ಬಲಗಾಲು ಮೊಣಕಾಲಿನಿಂದ ಕೆಳಗೆ ಲೋಹದ್ದು, ಅದಕ್ಕೇ ಎಲ್ಲರೂ ಇಟ್ಟ ಹೆಸರು. ಕಾಲು ಸಿಕ್ಕಿಸಿಕೊಳ್ಳುತ್ತಿದ್ದಳು.

"ಅಕ್ಕಾ, ನೀನಾಗಿದ್ರೆ ಏನ್ ಮಾಡ್ತಿದ್ದೆ?"

"ನನ್ನ ಕೇಳ್ಬೇಡ. ನಂದು ಇಲ್ಲ ಅಂದ್ರೆ ಇಲ್ಲ. ಇಲ್ಲದ ಕಾಲಿಗೆ ಅಂಕ ಯಾರು ಕೊಡ್ತಾರೆ?" ಪಟ್ಟಿ ಬಿಗಿದಳು. "ಆದ್ರೆ ಆ ಗಂಟು ತೋಳಿನವಳು ಓಡ್ತಾಳಲ್ಲ, ಅವಳನ್ನ ಹಿಂದೆ ಹಾಕಿ ಮೆಡಲ್ ಹಾಕ್ಕೊಂಡ್ಮೇಲೆ ಅವಳ ಮುಖ ನೋಡೋಕಾಗುತ್ತೆ ಅಂದ್ರೆ... ಇಳಿಸು ಕೈಯ ಜೋರು."

ಮಧ್ಯಾಹ್ನ 12.30

ಇಳಿಸಿದೆ. ಬರೆದುಬಿಡುತ್ತೇನೆ — ಇಳಿಸಿದೆ.

ಡಾಕ್ಟರಮ್ಮ ಕಾಗದ ನೋಡಿದರು, ನನ್ನನ್ನು ನೋಡಿದರು. "ನಿನ್ನೆಗಿಂತ ಕಡಿಮೆ ಇದೆ. ನೋವಿದೆಯಾ?"

ಹ್ಞೂಂ ಅಂದಿದ್ದರೆ ಸಾಕಿತ್ತು. ನಾಲಿಗೆ ತುದಿಯಲ್ಲೇ ಇತ್ತು.

"ಇಲ್ಲ. ಇನ್ನೊಂದ್ಸಲ ಹಿಡೀರಿ."

ತಳ್ಳಿದೆ. ಪೂರ್ತಿ ಜೋರಿನಿಂದ. ಮತ್ತೆ ಅರ್ಹಳಲ್ಲ. ಕೋಚ್ ಹೊರಗೆ ಕಾಯುತ್ತಿದ್ದರು. ನೀರಿನ ಬಾಟಲಿ ಕೊಟ್ಟು ಮುಂದೆ ನಡೆದರು.

ಮೇ 10

ಸ್ಟ್ಯಾಂಡಿನಲ್ಲಿ ಕೂತು ಫೈನಲ್ ನೋಡಿದೆ. ಗಂಟು ತೋಳಿನವಳಿಗೆ ಮೂರನೇ ಸ್ಥಾನ. ನನ್ನ ಟೈಮ್ ಅವಳಿಗಿಂತ ಚೆನ್ನಾಗಿದೆ. ಗಂಟಲು ಬಿದ್ದುಹೋಗುವಷ್ಟು ಕೂಗಿದೆ. ಸಂತೋಷಕ್ಕೋ, ಹೊಟ್ಟೆಯುರಿಗೋ, ಗೊತ್ತಿಲ್ಲ.

ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ಕೈ ಗಟ್ಟಿಯಾಗಿದೆ ಅಂದ್ರಾ? ಡಾಕ್ಟರೇ ಅಂದ್ರಾ?"

"ಹೂಂ."

"ಇನ್ನೊಂದ್ಸಲ ಹೇಳೇ."

ಅಳುತ್ತಿದ್ದಳು, ಖುಷಿಗೆ. ಇನ್ನೊಂದು ಸಲ ಹೇಳಿದೆ.

ಜೂನ್ 29

ಆವತ್ತಿನಿಂದ ಓಡಿಲ್ಲ. ಇವತ್ತು ಕೋಚ್ ಗೋದಾಮಿಗೇ ಬಂದರು. ಡಬ್ಬಗಳ ಮಧ್ಯೆ ನಿಂತು, "ಓಪನ್ ಮೀಟ್‌ಗೆ ನಿನ್ನ ಹೆಸರು ಕೊಟ್ಟಿದೀನಿ."

"ಎರಡು ಕೈ ಸರಿ ಇರೋರ ಜೊತೆಗಾ? ಕೊನೇಲಿ ಬರ್ತೀನಿ ಸರ್."

"ಬಾ." ಹೋಗುವಾಗ ಬಾಗಿಲಲ್ಲಿ ನಿಂತರು. "ಆವತ್ತು ನಾನು ಹಾಗೆ ಹೇಳ್ಬಾರ್ದಿತ್ತಮ್ಮ."

ಡಬ್ಬಕ್ಕೆ ಟೇಪ್ ಸುತ್ತುತ್ತಲೇ ಇದ್ದೆ.

ಜುಲೈ 12, ಬೆಳಿಗ್ಗೆ 9.20

ನಂಬರ್ ಕೊಡುವವನು ಕೈ ನೋಡಿದ. "ವಿಕಲಚೇತನರ ಟೇಬಲ್ ಆ ಕಡೆ ಮೇಡಂ."

"ನಂದು ಇದೇ."

"ಇದೇನಾ? ಖಂಡಿತಾನಾ?"

"ಡಾಕ್ಟರೇ ಬರವಣಿಗೇಲಿ ಕೊಟ್ಟಿದಾರೆ," ಅಂದೆ. ನಗು ಬಂತು. ಅವನಿಗೆ ಅರ್ಥವಾಗಲಿಲ್ಲ.

ಮೊದಲ ಸುತ್ತಿನ ಹೀಟ್‌ನಲ್ಲಿ ಎಂಟು ಜನ. ಏಳನೇ ಲೇನ್. ಪಕ್ಕದವಳು ಎರಡೂ ಕೈ ಮೇಲೆತ್ತಿ ಮೈ ಸಡಿಲ ಮಾಡಿಕೊಳ್ಳುತ್ತಿದ್ದಾಳೆ. ಕೂರಲೂ ಆಗುತ್ತಿಲ್ಲ, ನಿಲ್ಲಲೂ ಆಗುತ್ತಿಲ್ಲ. ಎಂಟನೆಯವಳಾಗಬಾರದು. ಏಳಾದರೂ ಸಾಕು. ಇಲ್ಲ, ಸಾಕಾಗಲ್ಲ. ಎರಡನೇ ತಿರುವಿನ ತನಕ ಅವಳ ಬೆನ್ನು ಬಿಡದಿದ್ದರೆ ಆಮೇಲೆ —

ಕರೆಯುತ್ತಿದ್ದಾರೆ. ನಂದೇ ನಂಬರ್. ಈ ಪುಸ್ತಕ ಎಲ್ಲಿಡಲಿ —