ಹಸಿರು ಮೋರೆಯ ಬೀದಿ ಬರೆದವಳಿಗೆ

ಹುಬ್ಬಳ್ಳಿ, ೨೨೬೧ನೇ ಇಸವಿ, ಹದಿಮೂರನೇ ತಿಂಗಳ ಐದನೇ ತಾರೀಖು

ಏ ಇಂದುಮತಿ, ಆ ಕುಂಚ ಕೆಳಗಿಟ್ಟು ಮೊದಲು ಇದನ್ನು ಓದು. ಚಿತ್ರದ ಮೂಲೆಯಲ್ಲಿ ಇಷ್ಟುದ್ದ ಹೆಸರು, ಇಸವಿ ಎಲ್ಲ ಹಾಕಿದೆಯಲ್ಲ, ಯಾಕೆ ಬರೆದೆ ಅಂತ ಎರಡು ಸಾಲು ಗೀಚಲು ನಿನ್ನ ಕೈಗೇನು ಹಾವು ಕಚ್ಚಿತ್ತೇ? ಆ ಎರಡು ಸಾಲಿಲ್ಲದೆ ಇಲ್ಲಿ ಊರಿಗೆ ಊರೇ ಸೊಟ್ಟಗೆ ನಿಂತಿದೆ.

ತಾರೀಖು ನೋಡಿ ಗಾಬರಿಯಾಗಬೇಡ, ನಮಗೆ ವರ್ಷಕ್ಕೆ ಹದಿನಾಲ್ಕು ತಿಂಗಳು. ನಾನು ದ್ಯಾಮವ್ವ. ಇಲ್ಲಿಯ ಚಿತ್ರಮನೆಯಲ್ಲಿ ಕಸ ಹೊಡೆಯುವವಳು, ಹಳ್ಳಿಯ ಸಾಲೆಯಲ್ಲಿ ನಾಲ್ಕನೇ ಇಯತ್ತೆ ಮುಟ್ಟಿದವಳು. ನನ್ನ ಮಾತು ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೋ. ಎಪ್ಪತ್ತು ದಾಟಿದವರಿಗೆ ಜನ್ಮದಲ್ಲಿ ಒಂದೇ ಸಲ ಹಿಂದಂಚೆಗೆ ಅವಕಾಶ. ಹಿಂದಂಚೆ ಅಂದರೆ, ಸತ್ತವರು ಬದುಕಿದ್ದ ಕಾಲಕ್ಕೆ ಹೋಗಿ ಮುಟ್ಟುವ ಟಪಾಲು. ಎಲ್ಲರೂ ಅವ್ವನಿಗೋ ಗಂಡನಿಗೋ ಬರೆಯುತ್ತಾರೆ. ನಾನು ಗುರುತಿಲ್ಲದ ನಿನಗೆ ಬರೆಯುತ್ತಿದ್ದೇನೆ, ನನ್ನ ಸಂಕಟ ಎಷ್ಟಿರಬೇಕು ತಿಳಿ.

ಹಿಂದೊಮ್ಮೆ ಎಂಟು ದಿನ ಉರಿದ ಬೆಂಕಿಯಲ್ಲಿ ಕಾಗದ, ಫೋಟೋ ಎಲ್ಲ ಬೂದಿಯಾಗಿ, ಹಳೇ ಹುಬ್ಬಳ್ಳಿಯ ನೆನಪಿಗೆ ಉಳಿದದ್ದು ನಿನ್ನ ಚಿತ್ರ ಒಂದೇ. ಬಸ್‌ಸ್ಟ್ಯಾಂಡಿನ ಮುಂದಿನ ಬೀದಿ, ಕುಡಿದವರ ಹಾಗೆ ವಾಲಿದ ಕಟ್ಟಡಗಳು, ಓಕುಳಿ ಕದಡಿದಂಥ ಆಕಾಶ, ಕಣ್ಣಿಲ್ಲದ ಹಸಿರು ಮೋರೆಯ ಜನ. ಭುಜಕ್ಕೆ ಭುಜ ತಾಗಿದ್ದರೂ ಒಬ್ಬರೂ ಇನ್ನೊಬ್ಬರ ಕಡೆ ತಿರುಗಿಲ್ಲ. ಹಿರಿಯರು ಹೀಗೇ ಬಾಳಿದರು, ನಾವೂ ಹೀಗೇ ಬಾಳಬೇಕು ಅಂತ ಊರು ಆಳುವ ಯಜಮಾನರು ಚಿತ್ರವನ್ನು ಮುಂದಿಟ್ಟುಕೊಂಡೇ ಊರು ಕಟ್ಟಿದರು. ಗೋಡೆಗಳನ್ನು ವಾಲಿಸಿ ಕಟ್ಟಿದ್ದಾರೆ. ನೆಲವೂ ಇಳಿಜಾರು, ಮಂಚದ ಕಾಲಿಗೆ ಕಲ್ಲು ಕೊಡದಿದ್ದರೆ ಬೆಳಗಾಗುವಷ್ಟರಲ್ಲಿ ಬಾಗಿಲಲ್ಲಿರುತ್ತೇವೆ. ಹಾಲು ಒಂದೇ ಕಡೆ ಉಕ್ಕುತ್ತದೆ. ಇದನ್ನೆಲ್ಲ ತಡೆದುಕೊಂಡೇವು. ಮೋರೆಲೇಪ ತಡೆಯಲಾಗುವುದಿಲ್ಲ. ಹನ್ನೆರಡು ತುಂಬಿದ ಮಕ್ಕಳ ಮುಖಕ್ಕೆ ಹಚ್ಚುವ ಹಸಿರು ಲೇಪ ಅದು. ಒಣಗಿದರೆ ಚರ್ಮವೇ ಆಗಿಬಿಡುತ್ತದೆ. ನೇರ ನಡೆಯಲು ಕಣ್ಣಿನ ಜಾಗದಲ್ಲಿ ಎರಡು ಸೀಳು ಬಿಡುತ್ತಾರೆ, ಪಕ್ಕದವರು ಕಾಣುವುದಿಲ್ಲ. ನನಗೆ ಮದುವೆಯಾಗಿ ಈ ಊರಿಗೆ ಬಂದ ದಿನ ಹಚ್ಚಿದರು. ಹೋದ ವರ್ಷ ಸಂತೆಯಲ್ಲಿ ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳೇ ನನ್ನನ್ನು ತಳ್ಳಿಕೊಂಡು ಹೋದಳು. ಬಳೆಯ ಸದ್ದಿನಿಂದ ನನಗೆ ಗೊತ್ತಾಯಿತು, ಅವಳಿಗೆ ಗೊತ್ತಾಗಲಿಲ್ಲ.

ಆ ಮಗಳ ಮಗಳು ಪಾರಿಗೆ ಬರುವ ತಿಂಗಳ ಒಂದನೇ ತಾರೀಖು ಲೇಪ. ಮನೆಯಲ್ಲಿ ಇನ್ನೂ ತಿರುಗಿ ನೋಡುವವಳು ಅವಳೊಬ್ಬಳೇ. ಸಂದಿಯಲ್ಲಿ ಹತ್ತು ಹಸಿರು ಮುದುಕಿಯರು ನಿಂತರೂ ನೇರ ನನ್ನ ಹತ್ತಿರವೇ ಬಂದು, ಅಜ್ಜಿ, ಇವತ್ತು ಮಂಡಿ ನೋವೇನು ಅಂತಾಳೆ. ನಿನ್ನೆ ಅದೇ ಹುಡುಗಿ ಕುತ್ತಿಗೆ ಸೆಟೆಸಿಕೊಂಡು ಅಂಗಳದಲ್ಲಿ ನಡೆಯುವುದನ್ನು ರೂಢಿ ಮಾಡುತ್ತಿದ್ದಳು. ನಾನು ಕರೆದೆ. ತಿರುಗಲಿಲ್ಲ.

ಎಕ್ಸ್‌ಪ್ರೆಶನಿಸ್ಟ್ ಅನ್ನುವ ಚಿತ್ರಗಾರರ ಪಂಗಡವೊಂದು ಇತ್ತಂತೆ, ಪಟ್ಟಣ ಕಣ್ಣಿಗೆ ಕಂಡ ಹಾಗಲ್ಲದೆ ಎದೆಗೆ ನಾಟಿದ ಹಾಗೆ ಬರೆಯುತ್ತಿದ್ದರಂತೆ. ಒಬ್ಬ ಮುದಿ ಮೇಷ್ಟ್ರು ಕಿವಿಯಲ್ಲಿ ಹೇಳಿದ. ಅವನು ಹೇಳದಿದ್ದರೂ ನನಗೆ ಗೊತ್ತಿತ್ತು. ದಿನಾ ಧೂಳು ಒರೆಸುವವಳು ನಾನು. ಬಣ್ಣವನ್ನು ನೀನು ಎಷ್ಟು ಒತ್ತಿ ಬಡಿದಿದ್ದೀ ಅಂದರೆ, ಹೆದರಿದ ಹೆಂಗಸು ರೊಟ್ಟಿ ಬಡಿದ ಹಾಗಿದೆ. ಆಗ ತಾನೇ ಆ ಊರಿಗೆ ಬಂದಿದ್ದೆಯೇನವ್ವ? ಯಾರೂ ಮಾತಾಡಿಸಲಿಲ್ಲವೇ?

ಯಜಮಾನರ ಮುಂದೆ ಹೋಗಿ ಇದು ರೀತಿರಿವಾಜಲ್ಲ, ಒಬ್ಬಳ ಭಯ ಅಂದೆ. ಹೋಗಜ್ಜಿ, ಕಸಬರಿಗೆ ಹಿಡಿದವಳು ಹಿರಿಯರಿಗಿಂತ ಶಾಣ್ಯಾಳೇನು ಅಂತ ನಕ್ಕರು. ನಾನು ಕದಲಲಿಲ್ಲ. ಕೊನೆಗೆ, ಬರೆದವಳೇ ಹಾಗಂತ ಕೈಯಾರೆ ಬರೆದಿಟ್ಟಿದ್ದರೆ ತೋರಿಸು, ಲೇಪ ನಿಲ್ಲಿಸುತ್ತೇವೆ ಅಂದರು. ಹತ್ತು ಜನರ ಮುಂದೆ ಆಡಿದ ಮಾತು, ತಪ್ಪಲಾರರು.

ಅದಕ್ಕೆ ಕೇಳು. ಉತ್ತರ ಕಳಿಸಲು ನೀನು ಟಪಾಲು ಹುಡುಕಬೇಡ. ಆ ಚಿತ್ರದ ಬಟ್ಟೆಯ ಹಿಂಬದಿಯಲ್ಲಿ, ಅಳಿಸದ ಮಸಿಯಲ್ಲಿ, ಮೂಲೆಯಲ್ಲಿ ಹೆಸರು ಹಾಕಿದ ಅದೇ ಕೈಬರಹದಲ್ಲಿ, ಚಿತ್ರ ಯಾಕೆ ಬರೆದೆ ಅಂತ ಬರೆ, ಚಿತ್ರದ ಜೊತೆ ನಮಗೆ ಬಂದು ಸೇರುತ್ತದೆ. ನನ್ನನ್ನು ಮೆಚ್ಚಿಸಲು ಸುಳ್ಳು ಬೇಡ. ಭಯವಲ್ಲ, ಹಾಗಿರುವುದೇ ನಿನಗೆ ಚಂದ ಕಂಡಿದ್ದರೆ ಅದನ್ನೇ ಬರೆ, ನಾನು ಎದೆ ಬಡಿದುಕೊಂಡು ಸುಮ್ಮನಾಗುತ್ತೇನೆ. ದಿನಾ ಬೆಳಗ್ಗೆ ಚಿತ್ರ ತಿರುಗಿಸಿ ನೋಡುತ್ತೇನೆ. ಈ ಕಾಗದ ಇನ್ನೂ ಟಪಾಲಿಗೆ ಹಾಕಿಲ್ಲ, ಆದರೂ ಇವತ್ತೂ ನೋಡಿದೆ, ಏನೂ ಇರಲಿಲ್ಲ. ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ಬರೆ.